ಒಂದು ಮೊಳ ಆಚೆ

ಧಾರೇಶ್ವರದ ನಮ್ಮ ಅಂಗಳದಲ್ಲಿ ಈಗಲೂ ಒಂದು ವಾಲಿಬಾಲ್ ಬಲೆ ಕಟ್ಟಿದೆ. ಒಂದು ತುದಿ ತೆಂಗಿನ ಮರಕ್ಕೆ, ಇನ್ನೊಂದು ತುದಿ ನೆಲದಲ್ಲಿ ಹುಗಿದ ಕಬ್ಬಿಣದ ಪೈಪಿಗೆ. ಅಂಗಡಿಯಿಂದ ತಂದ ಬಲೆಯಲ್ಲ, ಪಕ್ಕದ ಮನೆಯವರು ಕೊಟ್ಟ ಮೀನುಬಲೆಯ ತುಂಡು. ನನ್ನ ಯಜಮಾನರು ತೀರಿಕೊಂಡ ಮೇಲೆ, ಇದನ್ನು ಬಿಚ್ಚಿಡು, ನೋಡಿದಷ್ಟೂ ಬೇಜಾರು ಎಂದು ನನ್ನ ತಂಗಿ ಹೇಳಿದಳು. ನನಗೆ ಅದನ್ನು ನೋಡಿದರೆ ಬೇಜಾರಾಗುವುದಿಲ್ಲ. ಯಾಕೆ ಎಂದು ಅವಳಿಗೆ ಬಾಯಲ್ಲಿ ಹೇಳಲು ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದರು. ಗೇರುಸೊಪ್ಪದಿಂದ ಹೊನ್ನಾವರದವರೆಗೆ ಅವರು ಹತ್ತದ ಕಂಬ ಕಡಿಮೆ. ಆದರೆ ನಮ್ಮ ಕಡೆ ಒಂದು ತಲೆಮಾರಿನ ಜನ ಅವರನ್ನು ನೆನೆಯುವುದು ಲಿಫ್ಟರ್ ಎಂದು. ವಾಲಿಬಾಲಿನಲ್ಲಿ ಲಿಫ್ಟರ್ ಎಂದರೆ ಹೊಡೆಯುವವನಿಗಾಗಿ ಬಾಲನ್ನು ಬಲೆಯ ಪಕ್ಕ ಎತ್ತಿ ಕೊಡುವವನು. ಚಪ್ಪಾಳೆಯೆಲ್ಲ ಹೊಡೆಯುವವನಿಗೆ. ಇವರು ಎತ್ತಿದ್ದನ್ನು ಹೊಡೆಯುತ್ತಿದ್ದವರು ಭಟ್ಕಳದ ಇವರ ಸ್ನೇಹಿತರೊಬ್ಬರು. ಎಡಗೈಯಲ್ಲಿ ಹೊಡೆಯುತ್ತಿದ್ದರು, ಎದುರಿನವರಿಗೆ ಬಾಲ್ ಎಲ್ಲಿಗೆ ಬಂತು ಎಂದು ತಿಳಿಯುವುದರೊಳಗೆ ಅದು ನೆಲ ಮುಟ್ಟಿರುತ್ತಿತ್ತು. ಮದುವೆಯಾದ ಹೊಸತರಲ್ಲಿ ನಾನೂ ಆಟ ನೋಡಲು ಹೋಗುತ್ತಿದ್ದೆ. ಎಷ್ಟೇ ಚೆಂದದ ಹೊಡೆತವಾದರೂ ಭಟ್ಕಳದವರು ಹಿಂದಕ್ಕೆ ಬಂದು, "ಉದ್ದ ಆತು ಮಾರಾಯ" ಎನ್ನುತ್ತಿದ್ದರು. ಇವರು ಮುಖ ಕೂಡ ನೋಡದೆ, "ಬಾಲ್ ಉದ್ದ ಅಲ್ಲ, ನಿನ್ನ ಕೈ ಗಿಡ್ಡ" ಎನ್ನುತ್ತಿದ್ದರು. ಅವರಿಬ್ಬರು ಒಬ್ಬರನ್ನೊಬ್ಬರು ಹೊಗಳಿದ್ದನ್ನು ನಾನು ಕೇಳಿಲ್ಲ.

ಆಮೇಲೆ ಭಟ್ಕಳದವರ ಮೊಣಕಾಲು ಹೋಯಿತು. ಭಟ್ಕಳದಲ್ಲಿ ಬಣ್ಣದ ಅಂಗಡಿ ಹಾಕಿದರು. ಇವರು ಕಂಬ ಹತ್ತುತ್ತ ಉಳಿದರು. ಜಗಳವೇನೂ ಇಲ್ಲ, ಮದುವೆ ಮುಂಜಿಯಲ್ಲಿ ಕಂಡರೆ ಮಾತು, ಅಷ್ಟೆ.

ನಿವೃತ್ತಿಯಾದ ಮರುವರ್ಷ ಇವರ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಕುಮಟೆಗೆ ಹೋಗಿ ಡಯಾಲಿಸಿಸ್. ಸೂಜಿ ಚುಚ್ಚಲೆಂದು ಎಡಗೈಯ ನರ ಜೋಡಿಸಿದ್ದರು. ಆ ಕೈಯಲ್ಲಿ ಭಾರ ಎತ್ತಬಾರದು, ಅದಕ್ಕೆ ಪೆಟ್ಟು ಬೀಳಬಾರದು. ಎರಡೂ ಕೈ ಸೇರಿಸಿ ಬಾಲ್ ಎತ್ತಿದ ಮನುಷ್ಯ ಜಗುಲಿಯಲ್ಲಿ ಒಂದು ಕೈಯನ್ನು ದಿಂಬಿನ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು ಕೂತಿರುತ್ತಿದ್ದರು. ಮಾತು ಕಡಿಮೆಯಾಗಿತ್ತು.

ಹಾಗಿರುವಾಗ ಒಂದು ಸಂಜೆ ಇವರ ಹೆಸರು ಕೇಳಿಕೊಂಡು ಒಬ್ಬಳು ಹುಡುಗಿ ಬಂದಳು. ಊರು ಕಾಯ್ಕಿಣಿ, ಓದುವುದು ಹೊನ್ನಾವರದ ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ ವಾಸ. ಕಾಲೇಜು ಟೀಮಿನ ಲಿಫ್ಟರ್. ಮಳೆಗಾಲ ಕಳೆದ ಮೇಲೆ ಕುಮಟೆಯಲ್ಲಿ ಕಾಲೇಜುಗಳ ಪಂದ್ಯವಿದೆ, ಅಲ್ಲಿಯತನಕ ತನ್ನ ಜಾಗ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಇನ್ನೊಬ್ಬಳನ್ನು ತಯಾರು ಮಾಡುತ್ತಿದ್ದಾರೆ ಎಂದಳು. ಮನೆಯಲ್ಲಿ ಆಟ ಬಿಟ್ಟು ಓದು ಅನ್ನುತ್ತಾರಂತೆ. ಈ ಜಾಗ ಹೋದರೆ ಅವರ ಮಾತಿಗೆ ತನ್ನ ಹತ್ತಿರ ಉತ್ತರ ಇರುವುದಿಲ್ಲ. ಸರ್, ಕಲಿಸಿಕೊಡಿ ಎಂದಳು.

"ನಾ ಎಂತ ಸರ್? ಲೈನ್‌ಮನ್ನಿಗೆ ಸರ್ ಅಂದ್ರೆ ಕಂಬ ನಗ್ತದೆ" ಎಂದರು ಇವರು. ಅವಳು ಅಂದಿನಿಂದ ಮಾವ ಎಂದಳು.

ಬಾಲ್ ಮುಟ್ಟದೆ ಕಲಿಸುವುದು ಹೇಗೆ? ಅವರು ಅಂಗಳದಲ್ಲಿ ಆ ಮೀನುಬಲೆ ಕಟ್ಟಿಸಿದರು. ತಂತಿ ಬಗ್ಗಿಸಿ, ಬಾಲ್ ತೂರುವಷ್ಟು ದೊಡ್ಡ ಬಳೆ ಮಾಡಿಸಿದರು. ಉದ್ದ ಬಿದಿರಿನ ತುದಿಗೆ ಅದನ್ನು ಕಟ್ಟಿಸಿ, ಬಲೆಯ ಪಕ್ಕ ನಿಲ್ಲಿಸಲು ನನಗೆ ಹೇಳಿದರು. ಜಗುಲಿಯಿಂದಲೇ ಕಣ್ಣು ಕಿರಿದು ಮಾಡಿ, ಇನ್ನೂ ಆಚೆ, ಇನ್ನೂ ಸ್ವಲ್ಪ ಆಚೆ, ಆತು ಎಂದರು. ಹುಡುಗಿ ಎತ್ತಿದ ಬಾಲ್ ಆ ಬಳೆಯೊಳಗೆ ಇಳಿಯಬೇಕು. ನಾನು ಬಾಲ್ ಎಸೆಯುವುದು, ಅವಳು ಎತ್ತುವುದು, ಅವರು ಕೂತಲ್ಲಿಂದ ಹೇಳುವುದು. ಬೆರಳು ಅಗಲ ಮಾಡು. ಮಂಡಿಯಿಂದ ಎತ್ತು, ಮೊಣಕೈಯಿಂದಲ್ಲ. ಬಾಲಿನ ಸದ್ದು ಕೇಳಿಸಬಾರದು.

ಆ ತಿಂಗಳುಗಳಲ್ಲಿ ಅವರು ಮತ್ತೆ ಮಾತಾಡಿದರು. ನನಗೆ ಆ ಹುಡುಗಿಯ ಋಣ ಇರುವುದು ಮೊದಲು ಅಲ್ಲಿ. ಡಯಾಲಿಸಿಸ್ಸಿನವರಿಗೆ ನೀರು ಅಳತೆಯಲ್ಲಿ, ಬಾಯಾರಿದರೂ ಕುಡಿಯುವಂತಿಲ್ಲ. ಅದಕ್ಕೆ ನಾನು ಅವಳಿಗೆ ಮುರುಗಲಿನ ಶರಬತ್ತನ್ನು ಅಡುಗೆಮನೆಯೊಳಗೆ ಕರೆದು ಕೊಡುತ್ತಿದ್ದೆ. ಅವರಿಗೆ ಗೊತ್ತಾಯಿತು. "ಇಲ್ಲೇ ತಂದು ಕುಡಿ. ನೀ ಕುಡಿಯೂದು ನೋಡಿದ್ರೆ ನಂಗೂ ತಂಪಾತದೆ" ಎಂದರು. ಅವಳು ಜಗುಲಿಯಲ್ಲಿ ಕೂತು ಕುಡಿದಳು, ಅವರು ನೋಡಿದರು.

ಗಣೇಶ ಚೌತಿಯ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಬಾಲ್ ಬಳೆಗೆ ಇಳಿಯುತ್ತಿದ್ದವು. ಆದರೆ ಒಂದು ಶನಿವಾರ ಅವಳು ಕಣ್ಣು ಕೆಂಪು ಮಾಡಿಕೊಂಡು ಬಂದಳು. ಕಾಲೇಜಿನಲ್ಲಿ ಅವಳ ಬಾಲ್ ಯಾರಿಗೂ ಹೊಡೆಯಲು ಸಿಗುತ್ತಿಲ್ಲವಂತೆ. ಹೊಡೆದರೆ ಹೊರಗೆ ಬೀಳುತ್ತದಂತೆ. ಆಟದ ಮೇಡಂ ಇನ್ನೊಂದು ವಾರ ನೋಡುತ್ತೇನೆ ಎಂದಿದ್ದಾರೆ. ಇವರಿಗೆ ಸಿಟ್ಟು ಬಂತು. ನಿನ್ನ ಬಾಲ್ ಸರಿಯಿದೆ, ಅವರಿಗೆ ಹೊಡೆಯಲು ಬರುವುದಿಲ್ಲ ಎಂದರು.

ಅದೇ ದಿನ ಭಟ್ಕಳದವರು ಕಿತ್ತಳೆ ಹಣ್ಣಿನ ಚೀಲ ಹಿಡಿದು ಇವರನ್ನು ನೋಡಲು ಬಂದಿದ್ದರು. ಡಯಾಲಿಸಿಸ್ಸಿನವರು ಕಿತ್ತಳೆ ತಿನ್ನಬಾರದು ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಸುಮ್ಮನೆ ಒಳಗಿಟ್ಟೆ. ಜಗುಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಅವರು ನಕ್ಕರು.

"ಲಿಫ್ಟರಿಗೆ ಲಿಫ್ಟರ್ ಎಂತ ಕಲ್ಸೂದು? ಬಾಲ್ ಸರಿ ಉಂಟಾ ಇಲ್ವಾ ಅಂತ ಹೊಡಿಯೋನಿಗೆ ಗೊತ್ತು. ನೀ ಎತ್ತಿ ಕೈ ಇಳಿಸಿದ್ಮೇಲೆ ಅದ್ರ ಪಾಡು ನಿಂಗೆಂತ ಗೊತ್ತು?"

"ಹೊಡಿಯೋನಿಗೆ ತನ್ನ ಕೈ ಒಂದೇ ಗೊತ್ತು" ಎಂದರು ಇವರು. "ಅವನ ಹತ್ರ ಕಲಿತ್ರೆ ಇವಳಿಗೂ ಅಷ್ಟೇ ಗೊತ್ತಾಗೂದು."

ಹಾಗೆಯೇ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಭಟ್ಕಳದವರು ಪ್ಯಾಂಟು ಮಡಚಿ, ಬಿದಿರು ಕಿತ್ತು ಬದಿಗಿಟ್ಟು, ಬಲೆಯ ಪಕ್ಕ ಹೋಗಿ ನಿಂತರು. ಜಿಗಿಯುವುದಿಲ್ಲ, ಸುಮ್ಮನೆ ಕೈ ಎತ್ತುತ್ತೇನೆ, ಎತ್ತು ನೋಡುವ ಎಂದರು. ನಾನು ಎಸೆದೆ. ಹುಡುಗಿ ಎತ್ತಿದಳು. ಬಾಲ್ ಬಂದು ಅವರ ಎಡ ಅಂಗೈಯಲ್ಲಿ ಕೂತಿತು. ಅವರು ಕೈ ಅಲ್ಲಾಡಿಸಬೇಕಾಗಿಯೂ ಬರಲಿಲ್ಲ. ಅವರ ಮುಖ ಒಮ್ಮೆಲೇ ಹಳೆಯ ಕಾಲದ್ದಾಯಿತು.

"ಉದ್ದ ಆತು" ಎಂದರು.

"ನಿನ್ನ ಕೈ ಗಿಡ್ಡ" ಎಂದರು ಇವರು ಜಗುಲಿಯಿಂದ.

ಹುಡುಗಿ ನಕ್ಕಳು, ನಾನೂ ನಕ್ಕೆ. ಭಟ್ಕಳದವರು ಮಾತ್ರ ನಗುತ್ತಿದ್ದವರು ನಿಲ್ಲಿಸಿದರು. ಇನ್ನೊಂದು ಎತ್ತಲು ಹೇಳಿದರು. ಈ ಸಲ ಬಲಗೈ ಎತ್ತಿ ಹಿಡಿದರು. ಬಾಲ್ ಬಲಗೈ ಮುಂದಿನಿಂದ ಹಾದು, ತಲೆ ದಾಟಿ, ಒಂದು ಮೊಳ ಆಚೆ ಪೈಪಿನ ಕಡೆಗೆ ಹೋಯಿತು. ಇನ್ನೊಂದು ಎತ್ತಿಸಿದರು. ಅದೂ ಅಲ್ಲಿಗೇ ಹೋಯಿತು. ಅವರು ಬಾಲ್ ಹೆಕ್ಕಿಕೊಂಡು ಬಂದು ಹುಡುಗಿಯನ್ನು ಕೇಳಿದರು.

"ನಿಮ್ಮ ಟೀಮಲ್ಲಿ ಎಡಗೈಲಿ ಹೊಡಿಯೋರು ಯಾರಿದ್ದಾರೆ?"

"ಯಾರೂ ಇಲ್ಲ."

ಜಗುಲಿಯಲ್ಲಿ ಇವರು ದಿಂಬಿನ ಮೇಲಿದ್ದ ತಮ್ಮ ಕೈಯನ್ನು ನೋಡುತ್ತ ಕೂತರು. ಅಷ್ಟು ವರ್ಷ ಒಬ್ಬನಿಗೇ ಎತ್ತಿ ಎತ್ತಿ, ಬಾಲ್ ಇರಬೇಕಾದ ಜಾಗ ಎಂದರೆ ಅವರ ಕಣ್ಣಿಗೆ ಅದೊಂದೇ ಆಗಿತ್ತು. ಆಟ ಬಿಟ್ಟು ಬಣ್ಣದ ಅಂಗಡಿಯಲ್ಲಿ ಕೂತಿದ್ದ ಸ್ನೇಹಿತನಿಗೆ ಬೇಕಾದ ಬಾಲನ್ನು ಅವರು ಮಳೆಗಾಲ ಪೂರ್ತಿ ಆ ಹುಡುಗಿಯ ಕೈಯಲ್ಲಿ ಎತ್ತಿಸಿದ್ದರು. ನಮ್ಮ ಮೂವರಿಗೂ ಅದು ಹೊಳೆದಿರಲಿಲ್ಲ. ಬಳೆಗೆ ಎಡಗೈ ಬಲಗೈ ಎಂದು ಇರುವುದಿಲ್ಲವಲ್ಲ.

ಆಮೇಲೆ ಇವರೇ, "ಆತು. ಆ ಬಾಲ್ ಇವಂದು. ಇವಳಿಗೆ ಇವಳ ಹುಡುಗೇರದ್ದು ಬೇಕು" ಎಂದರು. ಹುಡುಗಿಯನ್ನು ಕರೆದು, ನಾಳೆ ಭಾನುವಾರ ಹೊಡೆಯುವವರನ್ನು ಕರೆದುಕೊಂಡು ಬಾ ಎಂದರು.

ಮರುದಿನ ಮೂವರು ಬಂದರು. ನಾನು ಬನ್ಸ್ ಕರಿದೆ. ಇವರು ಬಿದಿರನ್ನು ಮತ್ತೆ ನಿಲ್ಲಿಸಲಿಲ್ಲ. ಒಬ್ಬೊಬ್ಬಳೂ ಜಿಗಿದು ಕೈ ಎತ್ತಿದಾಗ ಆ ಕೈ ಎಲ್ಲಿರುತ್ತದೆ ಎಂದು ಮೊದಲು ಬರಿದೇ ನೋಡಿಸಿದರು. ಭಟ್ಕಳದವರು ಬಲೆಯ ಹತ್ತಿರ ನಿಂತು, ಇವಳಿಗೆ ಇನ್ನೂ ಈಚೆ, ಅವಳಿಗೆ ಎತ್ತರ ಬೇಕು ಎಂದು ಹೇಳುತ್ತಿದ್ದರು. ಬೆರಳು, ಮಂಡಿ, ಸದ್ದು ಇವರದು. ಜಾಗ ಭಟ್ಕಳದವರದು. ಹುಡುಗಿ ನಡುನಡುವೆ ಒಪ್ಪಿಗೆಗಾಗಿ ಜಗುಲಿಯ ಕಡೆ ತಿರುಗುತ್ತಿದ್ದಳು. "ನನ್ನ ನೋಡ್ಬೇಡ" ಎಂದರು ಇವರು. "ಅವಳ ಹೆಗಲು ನೋಡು."

ಆಟದ ಮೇಡಂ ಆ ವಾರ ಅವಳನ್ನು ತೆಗೆಯಲಿಲ್ಲ. ಆದರೆ ಪಂದ್ಯಕ್ಕೆ ಯಾರು ಎಂದು ಹೇಳಲೂ ಇಲ್ಲ.

ನವರಾತ್ರಿ ಕಳೆದು ಸ್ವಲ್ಪ ದಿನಕ್ಕೆ, ಕುಮಟೆಗೆ ಡಯಾಲಿಸಿಸ್ಸಿಗೆ ಹೊರಟ ಬೆಳಿಗ್ಗೆ, ರಿಕ್ಷಾ ಹತ್ತುವ ಮೊದಲೇ ಇವರು ಹೋಗಿಬಿಟ್ಟರು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಹುಡುಗಿ ಬಂದಳು, ಎಲ್ಲರ ಹಾಗೆ ಒಳಗೆ ಬರದೆ ಬಲೆಯ ಕೆಳಗೆ ಬಹಳ ಹೊತ್ತು ನಿಂತಿದ್ದಳು. ಇನ್ನು ಬರುವುದಿಲ್ಲವೇನೋ ಎಂದುಕೊಂಡೆ. ಹನ್ನೆರಡನೆಯ ದಿನದ ಊಟ ಮುಗಿದ ಮೇಲೆ ಭಟ್ಕಳದವರು ಹೊರಡುವಾಗ, "ಅತ್ತಿಗೆ, ಭಾನುವಾರ ಬಲೆ ಇರ್ಲಿ. ನಾ ಬತ್ತೆ, ಅವಳಿಗೂ ಹೇಳಿದ್ದೆ" ಎಂದರು. ಅಂಗಡಿ ಮುಚ್ಚಿ, ಆ ಮೊಣಕಾಲಿನಲ್ಲಿ ಬಸ್ಸು ಹತ್ತಿ, ಪಂದ್ಯದ ತನಕ ಒಂದು ಭಾನುವಾರವೂ ತಪ್ಪಿಸದೆ ಬಂದರು.

ಪಂದ್ಯದ ದಿನ ಕುಮಟೆಗೆ ನನ್ನನ್ನೂ ಕರೆದುಕೊಂಡು ಹೋದರು. ಹೋಗುವುದೋ ಬೇಡವೋ ಎಂದು ನನಗೆ ಅಳುಕಿತ್ತು; ಆಸ್ಪತ್ರೆಯ ದಾರಿ ಬಿಟ್ಟು ಬೇರೆ ಕೆಲಸಕ್ಕೆ ಆ ಪೇಟೆಗೆ ಹೋಗಿ ಬಹಳ ಕಾಲವಾಗಿತ್ತು. ಮೈದಾನದಲ್ಲಿ ಹುಡುಗಿಯರು ಸಾಲಾಗಿ ಬಂದಾಗ ಅವಳು ಲಿಫ್ಟರಿನ ಜಾಗದಲ್ಲಿ ನಿಂತಳು. ಅವಳು ಎತ್ತಿದ ಮೊದಲ ಬಾಲ್ ಆ ಹಳೆಯ ಜಾಗಕ್ಕಿಂತ ಒಂದು ಮೊಳ ಈಚೆಗೆ, ಓಡಿಬಂದವಳ ಬಲಗೈಗೆ ಸರಿಯಾಗಿ ಇಳಿಯಿತು. ಎಂತಹ ಸದ್ದಿನ ಹೊಡೆತ! ಎತ್ತಿದ ಸದ್ದು ಮಾತ್ರ ಕೇಳಿಸಲಿಲ್ಲ. ಎರಡನೆಯ ಸುತ್ತಿನಲ್ಲಿ ಅವರು ಸೋತರು. ಆದರೂ ಮೇಡಂ ಅವಳ ಬೆನ್ನು ತಟ್ಟಿ, ಬರುವ ವರ್ಷಕ್ಕೂ ನೀನೇ ಎಂದದ್ದು ನಮ್ಮ ಕಿವಿಗೆ ಬಿತ್ತು. ಗ್ಯಾಲರಿಯಲ್ಲಿ ಕೂತಿದ್ದ ಅವಳ ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು.

ಹಳೆಯ ಆಟಗಾರ ತನ್ನ ಜಾಗದಲ್ಲೇ ಆಡುವ ಹೊಸಬರಿಗೆ ಕಲಿಸಬೇಕೋ ಬೇಡವೋ ಎಂಬ ಇವರ ಮತ್ತು ಭಟ್ಕಳದವರ ವಾದ ಮುಗಿಯಲಿಲ್ಲ. ನನ್ನನ್ನು ಕೇಳಿದರೆ ಕಲಿಸಲಿ ಎನ್ನುತ್ತೇನೆ. ಬೆರಳಿನ ಆ ಹದವನ್ನು ಇನ್ಯಾರೂ ಕೊಡಲಾರರು. ಆದರೆ ಪಕ್ಕದಲ್ಲಿ ಅವರ ಬಾಲ್ ಹೊಡೆದವರೊಬ್ಬರು ಇದ್ದರೆ ಒಳ್ಳೆಯದು.

ಮೈದಾನ ಖಾಲಿಯಾದ ಮೇಲೆ ಹುಡುಗಿ ನಮ್ಮ ಹತ್ತಿರ ಬಂದಳು. ನನ್ನ ಕೈ ಹಿಡಿದು ನಿಂತು, ಆಮೇಲೆ ಭಟ್ಕಳದವರನ್ನು ಕೇಳಿದಳು, ನಿಮಗೊಂದು ಎತ್ತಲಾ ಎಂದು. ಅವರು ಬೇಡ ಬೇಡ ಎನ್ನುತ್ತಲೇ ಚಪ್ಪಲಿ ಬಿಟ್ಟು ಬಲೆಯ ಹತ್ತಿರ ಹೋದರು. ಎಸೆಯುವುದು ನನ್ನ ಕೆಲಸವಾಗಿತ್ತು, ಎಸೆದೆ. ಅವಳು ಎತ್ತಿದಳು. ಬಾಲ್ ಮೇಲೆ ಹೋಗಿ, ಒಂದು ಮೊಳ ಆಚೆ, ನಾನು ಮದುವೆಯಾದ ಹೊಸತರಲ್ಲಿ ನೋಡುತ್ತಿದ್ದ ಜಾಗದಲ್ಲೇ ನಿಂತ ಹಾಗೆ ಕಂಡಿತು. ಅವರು ಜಿಗಿಯಲಿಲ್ಲ. ಎಡಗೈಯಿಂದ ಮೆಲ್ಲಗೆ ತಟ್ಟಿ ಬಲೆ ದಾಟಿಸಿದರು. ಬೆನ್ನು ನಮ್ಮ ಕಡೆ ಮಾಡಿಕೊಂಡೇ ಹೇಳಿದರು.

"ಉದ್ದ ಆತು."

"ಬಾಲ್ ಉದ್ದ ಅಲ್ಲ ಮಾವ" ಎಂದಳು ಹುಡುಗಿ. "ನಿಮ್ಮ ಕೈ ಗಿಡ್ಡ."