ಅಪ್ಪ ತಂದ ಎಳನೀರು

ಮೊದಲು ಗೊತ್ತಾಗಿದ್ದು ಶೂನಿಂದ.

ನನ್ನ ಗಂಡ ಜಯರಾಜ್ ಕುಣಿಗಲ್‌ನ ಒಂದು ಹೈಸ್ಕೂಲಿನಲ್ಲಿ ಪೀಟಿ ಮಾಸ್ಟರ್. ಒಂದು ಭಾನುವಾರ ಚರ್ಚಿಗೆ ಹೊರಡುವಾಗ ಅವರ ಕಪ್ಪು ಶೂ ಕಾಲಿಗೆ ಏರಲಿಲ್ಲ. "ಗ್ರೇಸಿ, ಶೂ ಚಿಕ್ಕದಾಗ್ಬಿಟ್ಟಿದೆ ಕಣೇ" ಅಂದರು. "ಈ ವಯಸ್ಸಲ್ಲಿ ಕಾಲು ಬೆಳೀತಾ ಇದ್ಯಾ?" ಎಂದು ನಾನು ನಕ್ಕೆ. ಅವರೂ ನಕ್ಕರು. ಚಪ್ಪಲಿ ಮೆಟ್ಟಿಕೊಂಡೇ ಬಂದರು. ಪ್ರಸಂಗದ ಮಧ್ಯೆ ನನ್ನ ಕಣ್ಣು ಅವರ ಪಾದದ ಮೇಲೆ ಬಿತ್ತು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. ಆವತ್ತು ಅಯ್ಯನವರು ಏನು ಬೋಧಿಸಿದರೋ ನನಗೆ ನೆನಪಿಲ್ಲ.

ಮನೆಗೆ ಬಂದು ಪಾದವನ್ನು ಬೆರಳಿನಿಂದ ಒತ್ತಿದೆ. ಗುಳಿ ಬಿತ್ತು. ಬಿದ್ದದ್ದು ಹಾಗೇ ಉಳಿಯಿತು.

ರಕ್ತ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು. ಕ್ರಿಯಾಟಿನಿನ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಆ ವಾರ. ಡಾಕ್ಟರ್ ಸುತ್ತಿ ಬಳಸಿ ಮಾತಾಡಲಿಲ್ಲ. ಬಿಪಿ ಎಷ್ಟೋ ವರ್ಷದಿಂದ ಹೆಚ್ಚಿದೆ, ಯಾರೂ ನೋಡಿಲ್ಲ, ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಎಂದರು. ಊರ ಮಕ್ಕಳನ್ನೆಲ್ಲ ಗ್ರೌಂಡ್ ಸುತ್ತಿಸಿದ ಮನುಷ್ಯ ಒಂದು ಸಲವೂ ತನ್ನ ಬಿಪಿ ನೋಡಿಸಿಕೊಂಡಿರಲಿಲ್ಲ.

"ಡಯಾಲಿಸಿಸ್ ಶುರು ಮಾಡ್ಬೇಕಮ್ಮ."

"ಎಷ್ಟು ದಿನ ಸಾರ್?"

ಅವರು ಚೀಟಿ ಬರೆದು ನನ್ನ ಕಡೆ ಸರಿಸಿದರು. ಪೆನ್ನಿನ ಮುಚ್ಚಳ ಹಾಕಿದರು.

ನಾವಿರುವುದು ತುಮಕೂರಿನ ಮರಳೂರಿನಲ್ಲಿ, ಮಹಡಿ ಮೇಲಿನ ಬಾಡಿಗೆ ಮನೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕೆಳಗಿನ ಮನೆಯಲ್ಲಿ ಜಬೀನಾ, ಅವಳ ಗಂಡ, ಮಕ್ಕಳು ಇದ್ದಾರೆ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಎಂದಾದ ಮೇಲೆ ನಮ್ಮ ಮನೆಯ ವಾರವೇ ಬದಲಾಯಿತು. ಭಾನುವಾರ ಚರ್ಚು ಎಂಬುದೊಂದೇ ಹಳೆಯ ಜಾಗದಲ್ಲಿ ಉಳಿಯಿತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಇವರ ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಫಿಸ್ಟುಲಾ ಮಾಡಿದರು. ಅದರ ಮೇಲೆ ಕೈಯಿಟ್ಟರೆ ಒಳಗೆ ಗುರ್ ಎನ್ನುತ್ತದೆ. ಆ ಗುರ್ ಇರುವವರೆಗೆ ಸರಿ ಎಂದು ಹೇಳಿಕೊಟ್ಟರು. ನಾನು ದಿನವೂ ಮುಟ್ಟಿ ನೋಡುತ್ತೇನೆ. ಮದುವೆಯಾದ ಹೊಸದರಲ್ಲೂ ಇಷ್ಟು ಸಲ ಈ ಕೈ ಹಿಡಿದಿರಲಿಲ್ಲ.

ನೀರಿಗೆ ಅಳತೆ ಬಂತು. ಬೆಳಿಗ್ಗೆ ಒಂದು ಬಾಟಲಿ ತುಂಬಿಸಿ ಮೇಜಿನ ಮೇಲಿಟ್ಟರೆ ದಿನವಿಡೀ ಅಷ್ಟೇ. ಕಾಫಿ ಕುಡಿದರೆ, ಮಜ್ಜಿಗೆ ಕುಡಿದರೆ ಅದರಿಂದ ಅಷ್ಟು ಚೆಲ್ಲಬೇಕು. ಇವರು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದು ಒಮ್ಮೆ ಕೇಳಿದೆ. "ಕರ್ತನ ಪ್ರಾರ್ಥನೇಲಿ ದಿನದ ರೊಟ್ಟಿ ಕೇಳ್ತೀವಲ್ಲ, ಹಂಗೇ ದಿನದ ನೀರು ಕೇಳ್ತಿದೀನಿ. ಇಷ್ಟರಲ್ಲೇ ಸಾಕು ಅನ್ನೋ ಬುದ್ಧಿ ಕೊಡಪ್ಪ ಅಂತ" ಅಂದರು. ತಿಂಗಳಿಗೊಮ್ಮೆ ಕರ್ತನ ಭೋಜನದ ಭಾನುವಾರ, ಚರ್ಚಿನಲ್ಲಿ ಕೊಡುವ ಆ ಪುಟ್ಟ ಲೋಟದ ದ್ರಾಕ್ಷಾರಸಕ್ಕೂ ಲೆಕ್ಕ ಹಿಡಿದು ಬಾಟಲಿಯಿಂದ ಒಂದು ಗುಟುಕು ಚೆಲ್ಲಿಯೇ ಹೊರಡುತ್ತಿದ್ದರು.

ನೀರಿಗಿಂತ ಕಷ್ಟ ಪೊಟ್ಯಾಸಿಯಂ. ಅದು ಹಣ್ಣಿನಲ್ಲಿದೆ, ತರಕಾರಿಯಲ್ಲಿದೆ, ಕಾಳಿನಲ್ಲಿದೆ. ಒಳ್ಳೆಯದು ಎಂದು ಅಮ್ಮಂದಿರು ಹೇಳಿಕೊಟ್ಟ ಎಲ್ಲದರಲ್ಲೂ ಇದೆ. ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ಅದಕ್ಕೆ ತರಕಾರಿಯನ್ನು ಸಣ್ಣಗೆ ಹೆಚ್ಚಿ, ತುಂಬ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ಬೇರೆ ನೀರಿನಲ್ಲಿ ಬೇಯಿಸಿ, ಆ ನೀರನ್ನೂ ಚೆಲ್ಲಬೇಕು. ಉಳಿದ ಸಪ್ಪೆಗೆ ಒಗ್ಗರಣೆ ಹಾಕಿದರೆ ಪಲ್ಯ.

ಇಷ್ಟರಲ್ಲಿ ಪ್ರಾರ್ಥನೆಗೆ ಜನ ಬರತೊಡಗಿದರು.

ನಮ್ಮಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದರೆ ಚರ್ಚಿನ ಸಭೆಯವರು ಮನೆಗೆ ಬಂದು ಪ್ರಾರ್ಥನೆ ಮಾಡುವುದು ವಾಡಿಕೆ. ಬಂದವರೆಲ್ಲ ಪ್ರೀತಿಯಿಂದಲೇ ಬಂದರು. ಆದರೆ ನಮ್ಮವರ ಪ್ರೀತಿಗೆ ಬಾಳೆಹಣ್ಣಿಲ್ಲದೆ ಬರುವುದು ಗೊತ್ತಿಲ್ಲ. ಸ್ತ್ರೀಯರ ಕೂಟದವರು ಮೂಸಂಬಿ ತಂದರು, ಹೆಬ್ಬೂರಿನ ನಾದಿನಿ ಸಪೋಟ ತಂದಳು. ತಂದದ್ದರ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ರೋಗಿಯ ಕೈಗೆ ಕೊಟ್ಟು ಹೋಗುತ್ತಿದ್ದರು. ಅವರು ಮೆಟ್ಟಿಲಿಳಿದ ಮೇಲೆ ನಾನು ಎಲ್ಲವನ್ನೂ ಹೊತ್ತು ಜಬೀನಾಳ ಮನೆಗೆ ಇಳಿಯುತ್ತಿದ್ದೆ. ಆ ತಿಂಗಳು ಅವಳ ಮಕ್ಕಳ ಕೆನ್ನೆ ಉಬ್ಬಿದವು.

ಜಬೀನಾ ಮಾತ್ರ ಏನನ್ನೂ ಕೇಳದೆ ಕಳಿಸುತ್ತಿರಲಿಲ್ಲ. ಮೆಟ್ಟಿಲ ಬುಡದಿಂದ ಕೂಗುತ್ತಿದ್ದಳು: "ಅಕ್ಕಾ, ದುವಾ ಮಾಡಿದೀನಿ ಭೈಯಾಗೆ. ಸೋರೆಕಾಯಿ ಆಗ್ತದಾ, ಆಗಲ್ವಾ?"

ಈಗ ಅಪ್ಪನ ವಿಷಯ. ನನ್ನ ಅಪ್ಪ ಗುಬ್ಬಿಯಲ್ಲಿ ನನ್ನ ತಮ್ಮನ ಜೊತೆ ಇದ್ದಾನೆ. ಅಲ್ಲಿನ ಸಭೆಗೆ ಹಿರಿಯ. ಪ್ರಾರ್ಥನೆಗೆ ಅಪ್ಪ ಎಂದರೆ ಹೆಸರುವಾಸಿ. ಸ್ತುತಿಯಿಂದ ಶುರುವಾದರೆ ದೇಶ ಆಳುವವರು, ಆಸ್ಪತ್ರೆಯಲ್ಲಿ ಮಲಗಿದವರು, ಪರೀಕ್ಷೆ ಬರೆಯುವವರು, ಪಕ್ಕದ ಮನೆಯ ಗಬ್ಬದ ಎಮ್ಮೆ, ಎಲ್ಲವನ್ನೂ ಮುಟ್ಟಿಯೇ ಆಮೆನ್‌ಗೆ ಬರುತ್ತಾನೆ. ಅಪ್ಪ ಪ್ರಾರ್ಥನೆಗೆ ನಿಂತರೆ ಮೊದಲು ಒಲೆಯ ಮೇಲಿನ ಸಾರನ್ನು ಇಳಿಸಿ ಬರುವುದು ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ರೂಢಿ. ಬೇಸರದಿಂದ ಅಲ್ಲ. ಸೀಯಬಾರದಲ್ಲ, ಅದಕ್ಕೆ.

ಒಂದು ಭಾನುವಾರ ಸಂಜೆ ನಾನು ಮದುವೆಯ ಬ್ಲೌಸುಗಳನ್ನು ಕೊಡಲು ಶೆಟ್ಟಿಹಳ್ಳಿಗೆ ಹೋಗಿದ್ದೆ. ಹಿಂದಿನ ಡಯಾಲಿಸಿಸ್ ಆಗಿ ಎರಡು ದಿನ ದಾಟಿತ್ತು, ಮುಂದಿನದು ಮರುದಿನ. ಅಪ್ಪ ಗುಬ್ಬಿಯಿಂದ ಬಸ್ಸಿನಲ್ಲಿ ಬಂದು ಹೋದನಂತೆ. ನಾನು ಬರುವಷ್ಟರಲ್ಲಿ ಹೊರಟುಬಿಟ್ಟಿದ್ದ. "ಮಾವ ಬಂದಿದ್ರು, ಪ್ರಾರ್ಥನೆ ಮಾಡಿ ಹೋದ್ರು" ಎಂದು ಇವರು ಹೇಳಿದರು. ಅಷ್ಟೇ ಹೇಳಿದರು.

ಬೆಳಿಗ್ಗೆ ಇವರು ಹಾಸಿಗೆಯಿಂದ ಏಳಲಿಲ್ಲ.

"ಕಾಲು ಬರ್ತಿಲ್ಲ ಕಣೇ" ಅಂದರು. ನಾಲಿಗೆ ಎಳೆಯುತ್ತಿತ್ತು. ನಾನು ಕಾಲೆತ್ತಿದೆ. ಬಿಟ್ಟರೆ ಮರದ ಕೊರಡಿನ ಹಾಗೆ ಬಿತ್ತು. ಜಬೀನಾಳ ಗಂಡ ಆಟೊ ತೆಗೆದ. ಅವನೂ ನಾನೂ ಸೇರಿ ಇವರನ್ನು ಮೆಟ್ಟಿಲಿಳಿಸಿದೆವು. ದಾರಿಯಲ್ಲಿ ಅಪ್ಪನಿಗೆ ಫೋನ್ ಮಾಡಿದೆ. ಪ್ರಾರ್ಥನೆ ಮಾಡು ಅಪ್ಪ ಎಂದೆ.

ಎಮರ್ಜೆನ್ಸಿಯಲ್ಲಿ ಇಸಿಜಿ ನೋಡಿದ ಡಾಕ್ಟರ್ ಓಡಿದ್ದನ್ನು ನಾನು ನೋಡಿದೆ. ಡಾಕ್ಟರುಗಳು ಓಡಬಾರದು. ಓಡಿದರೆ ನಮ್ಮ ಎದೆ ನಿಲ್ಲುತ್ತದೆ. ಪರದೆ ಎಳೆದರು, ಏನೇನೋ ಇಂಜೆಕ್ಷನ್ ಕೊಟ್ಟರು, ಕೂಡಲೇ ಡಯಾಲಿಸಿಸ್ ಮಷಿನ್‌ಗೆ ಹಾಕಿದರು. ನಾನು ಹೊರಗೆ ಗೋಡೆಗೆ ಒರಗಿ ನಿಂತೆ. ಹುಟ್ಟಿದಾಗಿನಿಂದ ಕೇಳಿದ ಅಪ್ಪನ ಅಷ್ಟು ಪ್ರಾರ್ಥನೆಗಳಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ. ಕರ್ತನೇ, ಕರ್ತನೇ ಎಂಬುದರ ಮುಂದೆ ಮಾತೇ ಹೊರಡಲಿಲ್ಲ. ಆಗ ಅದನ್ನು ಪ್ರಾರ್ಥನೆ ಎಂದು ನಾನು ಎಣಿಸಿರಲಿಲ್ಲ. ಈಗ ಎಣಿಸುತ್ತೇನೆ.

ಸ್ವಲ್ಪ ತಹಬದಿಗೆ ಬಂದ ಮೇಲೆ ಡಾಕ್ಟರ್ ನನ್ನನ್ನು ಒಳಗೆ ಕರೆದರು. "ಪೊಟ್ಯಾಸಿಯಂ ಈ ಲೆವೆಲ್‌ಗೆ ಸುಮ್ನೆ ಹೋಗಲ್ಲಮ್ಮ. ಹಾರ್ಟ್ ನಿಂತೋಗ್ತಿತ್ತು. ಏನ್ ಕೊಟ್ರಿ?"

"ಏನೂ ಕೊಟ್ಟಿಲ್ಲ ಸಾರ್" ಎಂದೆ. ಇವರು ಹಾಸಿಗೆಯಿಂದ ತೀರ ಸಣ್ಣ ದನಿಯಲ್ಲಿ "ಎಳನೀರು" ಅಂದರು. ನನ್ನ ಮುಖ ನೋಡಲಿಲ್ಲ.

"ಡಯಾಲಿಸಿಸ್ ಪೇಶೆಂಟ್‌ಗೆ ಎಳನೀರಾ? ಯಾರ್ರೀ ಕೊಟ್ಟಿದ್ದು?"

ಅಪ್ಪ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದನೋ ಗೊತ್ತಿಲ್ಲ. ಫೋನ್ ಬಂದ ಕೂಡಲೇ ಗುಬ್ಬಿಯಿಂದ ಹೊರಟಿದ್ದಾನೆ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದ.

"ನಾನೇ ಕೊಟ್ಟೆ ಸಾರ್. ಪ್ರಾರ್ಥನೆ ಮಾಡಿ ಕೊಟ್ಟೆ."

ಡಾಕ್ಟರ್ ಅಪ್ಪನ ಕಡೆ ತಿರುಗಿದರು. "ಪ್ರಾರ್ಥನೆ ತಪ್ಪಲ್ಲ ಯಜಮಾನ್ರೇ. ಎಳನೀರು ತಪ್ಪು. ಅದ್ರಲ್ಲಿ ತುಂಬ್ಕೊಂಡಿರೋದೇ ಪೊಟ್ಯಾಸಿಯಂ."

"ಕಿಡ್ನಿಗೆ ಎಳನೀರು ಒಳ್ಳೇದು ಅಂತ ನಮ್ ಕಡೆ ಎಲ್ಲಾರೂ..." ಎಂದ ಅಪ್ಪ. ನಮ್ಮ ಕಡೆ ಎಂದರೆ ತೆಂಗಿನ ಸೀಮೆ. ಉರಿಮೂತ್ರಕ್ಕೆ, ಜ್ವರಕ್ಕೆ, ಕಲ್ಲಿಗೆ, ಸುಸ್ತಿಗೆ, ಎಲ್ಲಕ್ಕೂ ಎಳನೀರು. ಮನೆ ಹಿಂದಿನ ಮರದಿಂದ ಒಳ್ಳೆಯ ಎರಡನ್ನೇ ಆರಿಸಿ ಕೆಡವಿಸಿ ತಂದಿದ್ದ. ಇವರಿಗೆ ಬೇಡ ಎನ್ನಲು ಬಾಯಿ ಬರಲಿಲ್ಲವಂತೆ. ಮಾವ ತಂದದ್ದು, ಮೇಲಾಗಿ ಕೈಯಿಟ್ಟು ಪ್ರಾರ್ಥಿಸಿ ಕೊಟ್ಟದ್ದು. ಬೇಡವೆಂದರೆ ನಂಬಿಕೆ ಕಮ್ಮಿ ಎಂದುಕೊಂಡಾರು ಎಂದು ಎರಡನ್ನೂ ಕುಡಿದಿದ್ದಾರೆ. ನನಗೆ ಹೇಳಿದರೆ ಅಪ್ಪನ ಮೇಲೆ ಹಾರಾಡುತ್ತೇನೆಂದು ಮುಚ್ಚಿಟ್ಟಿದ್ದಾರೆ. ಖಾಲಿ ಬುರುಡೆಗಳನ್ನು ಅಪ್ಪ ಹೋಗುವಾಗ ಬೀದಿಯ ಹಸುವಿಗೆ ಹಾಕಿದ್ದ.

ನಾನು ಹಾರಾಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ. ಅಪ್ಪನ ಜೊತೆ ಮಾತೇ ಆಡಲಿಲ್ಲ.

ಇವರು ಉಳಿದರು. ಮನೆಗೆ ಬಂದರು. ಬಾಟಲಿ ಮತ್ತೆ ಮೇಜಿನ ಮೇಲೆ ಬಂತು. ಸ್ವಲ್ಪ ದಿನದ ಮೇಲೆ ತಮ್ಮ ಫೋನ್ ಮಾಡಿದ.

"ಅಕ್ಕ, ಅಪ್ಪ ಚರ್ಚಲ್ಲಿ ಪ್ರಾರ್ಥನೆ ಮಾಡಕ್ಕೆ ಕರೆದ್ರೆ ತಲೆ ಅಲ್ಲಾಡಿಸ್ಬಿಟ್ಟ. ಮನೇಲಿ ಊಟಕ್ಕೂ ಮಾಡ್ತಿಲ್ಲ ಕಣೆ. ತಟ್ಟೆ ಮುಂದೆ ಸುಮ್ನೆ ಕೂತಿರ್ತಾನೆ. ಕೇಳಿದ್ರೆ, ನನ್ ಬಾಯಿಂದ ಬ್ಯಾಡ ಬುಡು ಅಂತಾನೆ."

"ಕೂತಿರ್ಲಿ ಬುಡು" ಎಂದು ನಾನು ಫೋನಿಟ್ಟೆ.

ಕೋಪ ಅಪ್ಪನ ಮೇಲೋ ದೇವರ ಮೇಲೋ ನನಗೇ ಬೇರ್ಪಡಿಸಲು ಆಗಲಿಲ್ಲ. ಇಷ್ಟು ನಂಬುವವನ ಪ್ರಾರ್ಥನೆಯನ್ನು ಕೇಳಿಸಿಕೊಂಡು, ಆ ಎಳನೀರನ್ನು ಅವನ ಕೈಯಿಂದ ಜಾರಿಸಿ ಬೀಳಿಸಲಿಕ್ಕೆ ಆಗಲಿಲ್ಲವೇ ನಿನಗೆ ಎಂದು ಹೊಲಿಗೆ ಮಷಿನ್ ತುಳಿಯುತ್ತಾ ಜಗಳವಾಡಿದೆ. ಉತ್ತರ ಬರಲಿಲ್ಲ. ಆದರೆ ಜಗಳವಾಡುತ್ತಾ ದಿನವೂ ದೇವರೊಂದಿಗೇ ಮಾತಾಡುತ್ತಿದ್ದೆ ಎಂಬುದು ನಿಧಾನವಾಗಿ ಹೊಳೆಯಿತು. ದೇವರ ಜೊತೆ ಮಾತು ನಿಂತುಹೋಗಿದ್ದು ಅಪ್ಪನದು.

ಇವರೇ ಒಂದು ದಿನ ಹೇಳಿದರು. "ಗ್ರೇಸಿ, ನಿಮ್ಮಪ್ಪನ್ನ ಕರೆಸು. ನನ್ಗಿಂತ ಅವರ್ಗೇ ಹುಷಾರಿಲ್ಲ ಈಗ. ನನ್ ರಕ್ತ ತೊಳಿಯೋಕೆ ಮಷಿನ್ ಐತೆ. ಅವರ್ಗೆ ಏನಿದೆ?"

ನಾನು ಎರಡು ದಿನ ಬಿಂಕ ಮಾಡಿದೆ. ಆಮೇಲೆ ಫೋನ್ ಮಾಡಿದೆ. ಕ್ಷಮಿಸಿದೀನಿ ಗಿಮಿಸಿದೀನಿ ಎಂದೆಲ್ಲ ಹೇಳಲು ನನಗೆ ಬರುವುದಿಲ್ಲ.

"ಅಪ್ಪ, ಇಲ್ಲಿ ತರಕಾರಿ ಹೆಚ್ಚೋರು ಯಾರೂ ಇಲ್ಲ. ಬಾ."

ಬಂದ. ಹುಟ್ಟಿದ ಮೇಲೆ ಮೊದಲ ಸಲ ಮಗಳ ಮನೆಗೆ ಬರಿಗೈಯಲ್ಲಿ ಬಂದ. "ಏನ್ ತರ್ಬೇಕು ಅಂತ ಗೊತ್ತಾಗ್ನಿಲ್ಲ ಕಣಮ್ಮ" ಎಂದು ಬಾಗಿಲಲ್ಲೇ ನಿಂತ. ನಾನು ಈಳಿಗೆಮಣೆ ಅವನ ಮುಂದಿಟ್ಟು ಬೀನ್ಸ್ ಸುರಿದೆ. ಸಣ್ಣಗೆ ಹೆಚ್ಚುವುದು, ನೆನೆಸುವುದು, ಚೆಲ್ಲುವುದು, ಬೇಯಿಸುವುದು, ಮತ್ತೆ ಚೆಲ್ಲುವುದು, ಎಲ್ಲ ಹೇಳಿಕೊಟ್ಟೆ.

"ಬೆಂದ ನೀರನ್ನೂ ಚೆಲ್ತೀಯಾ? ಸತ್ವ ಎಲ್ಲ ಹೊಂಟೋಯ್ತದಲ್ಲಮ್ಮ."

"ಹೋಗ್ಲಿ ಅಂತ್ಲೇ ಅಪ್ಪ. ನಮಗೆ ಸತ್ವ ಆಗಿರೋದು ಅವರಿಗೆ ವಿಷ."

ಅಪ್ಪ ಈಳಿಗೆಮಣೆಯನ್ನು ಹತ್ತಿರ ಎಳೆದುಕೊಂಡ. ಬೀನ್ಸನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಿದ.

ಆಮೇಲೆ ಪ್ರತಿ ಡಯಾಲಿಸಿಸ್ ದಿನವೂ ಗುಬ್ಬಿಯಿಂದ ಬರತೊಡಗಿದ. ಇವರನ್ನು ನಾನು ಆಸ್ಪತ್ರೆಗೆ ಕರೆದೊಯ್ದು ಬರುವಷ್ಟರಲ್ಲಿ ತರಕಾರಿ ಹೆಚ್ಚಿ ನೆನೆಹಾಕಿರುತ್ತಿದ್ದ. ಹೆಚ್ಚುವ ಮೊದಲು ಜಬೀನಾಳ ಹಾಗೆ ಅವನೂ ಕೇಳುತ್ತಿದ್ದ: ಇದು ಆಗ್ತದಾ, ಆಗಲ್ವಾ? ಆದರೆ ಊಟಕ್ಕೆ ಕೂತಾಗ ಪ್ರಾರ್ಥನೆಯನ್ನು ಇವರೇ ಮಾಡಬೇಕಿತ್ತು. ಅಪ್ಪ ತಲೆ ತಗ್ಗಿಸುತ್ತಿದ್ದ. ಆಮೆನ್ ಎನ್ನುತ್ತಿರಲಿಲ್ಲ. ನಮಗೆ ಆ ಮೌನ ಅಭ್ಯಾಸವಾಗದೆ ಉಳಿಯಿತು.

ಕಾಯಿಲೆಯವರ ಮನೆಗೆ ಪ್ರಾರ್ಥನೆಗೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ. ಹೋಗಿ, ಖಂಡಿತ ಹೋಗಿ. ನೀವು ಬಂದ ದಿನ ಆ ಮನೆಯ ಗೋಡೆಗಳು ಸ್ವಲ್ಪ ದೂರ ಸರಿಯುತ್ತವೆ, ಉಸಿರಾಡಲು ಜಾಗ ಆಗುತ್ತದೆ. ಆದರೆ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿ, ಏನಾಗುತ್ತದೆ, ಏನಾಗಲ್ಲ ಎಂದು. ಹಾಗೆ ಕೇಳುವುದು ನಂಬಿಕೆ ಕಮ್ಮಿಯಾದವರ ಲಕ್ಷಣ ಅಲ್ಲ. ರೋಗಿಗಳಿಗೂ ಹೇಳುತ್ತೇನೆ: ಬೇಡ ಎನ್ನಿ. ಪ್ರಾರ್ಥನೆಯನ್ನು ತೆಗೆದುಕೊಂಡು ಬಾಳೆಹಣ್ಣನ್ನು ವಾಪಸ್ ಕೊಟ್ಟರೆ ದೇವರು ಮುನಿಸಿಕೊಳ್ಳುವುದಿಲ್ಲ. ಇನ್ನು ಮಾತು ಬಾರದ ದಿನ ಬಾಟಲಿ ಹಿಡಿದು ಕೂತರೂ ಸಾಕು, ಕೋಪ ಬಂದ ದಿನ ಜಗಳವಾಡಿದರೂ ಸಾಕು.

ಮೊನ್ನೆ ಬುಧವಾರ. ಇವರು ಡಯಾಲಿಸಿಸ್ ಮುಗಿಸಿ ಬಂದು ಹಾಲ್‌ನಲ್ಲಿ ಒರಗಿದ್ದರು. ಒಂದು ಒಲೆಯ ಮೇಲೆ ನಮ್ಮ ಸಾರು ಕುದಿಯುತ್ತಿತ್ತು, ಇನ್ನೊಂದರಲ್ಲಿ ಇವರ ಸೋರೆಕಾಯಿ ಬೆಂದಿತ್ತು. ಅಪ್ಪ ಬಟ್ಟೆಯಲ್ಲಿ ಪಾತ್ರೆ ಹಿಡಿದು ಸಿಂಕಿನ ಮೇಲೆ ಬಗ್ಗಿಸಿದ. ಬಿಸಿನೀರು ಸುರಿಯತೊಡಗಿತು, ಆವಿ ಅವನ ಮುಖಕ್ಕೆ ಬಡಿಯಿತು. ಕಣ್ಣು ಮುಚ್ಚುವಂತಿಲ್ಲ, ಮುಚ್ಚಿದರೆ ಕೈ ಸುಡುತ್ತದೆ. ಕಣ್ಣು ತೆರೆದುಕೊಂಡೇ, ಆ ನೀರನ್ನೇ ನೋಡುತ್ತಾ, ಅಪ್ಪ ಗಟ್ಟಿಯಾಗಿ ಹೇಳಿದ.

"ಕರ್ತನೇ, ಹೋಗ್ಬೇಕಾದ್ದು ಹೋಗ್ಲಿ. ನಮ್ ಹುಡ್ಗ ಉಳ್ಕಳ್ಲಿ."

ಅಷ್ಟೇ. ದೇಶ ಆಳುವವರಿಲ್ಲ, ಎಮ್ಮೆಯಿಲ್ಲ. ನಾನು ಅಭ್ಯಾಸಬಲದಿಂದ ಸಾರನ್ನು ಇಳಿಸಲು ಕೈ ಚಾಚಿದ್ದೆ. ಅಷ್ಟರಲ್ಲಿ ಪ್ರಾರ್ಥನೆ ಮುಗಿದೇಹೋಗಿತ್ತು. ಹಾಲ್‌ನಿಂದ ಇವರು "ಆಮೆನ್" ಅಂದರು.

ಅಪ್ಪ ಖಾಲಿ ಪಾತ್ರೆ ಹಿಡಿದು ನನ್ನ ಕಡೆ ನೋಡಿದ. ನಾನೂ ಅಂದೆ.