ಆಯುಧಪೂಜೆಯ ದಿನ ಇಟ್ಟಿಗೆಯಾದ ರೌಟರು

ಕೀಈ... ಕರ್ ಕರ್... ಟೊಂಯ್! ಮೊದಲ ಸಲ ಮನೆಗೆ ಇಂಟರ್ನೆಟ್ ಬಂದಾಗ ಮೋಡೆಮ್ ಹೀಗೆ ಕಿರಿಚಿಕೊಳ್ಳುತ್ತಿತ್ತು, ರಾಗಿ ಮಿಷಿನ್ನಿಗೆ ಹಲ್ಲುನೋವು ಬಂದ ಹಾಗೆ. ಆದರೂ ಆನೆಸ್ಟ್ ಪ್ರಾಣಿ. ಬದುಕಿದ್ದರೂ ಕೆಟ್ಟಿದ್ದರೂ ಊರಿಗೆಲ್ಲ ಸಾರುತ್ತಿತ್ತು. ಈಗಿನ ರೌಟರ್ ಹಾಗಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ಮೆಚ್ಚುವಂಥ ವೆಲ್ ಬಿಹೇವ್ಡ್ ಹುಡುಗಿ. ಸಾಯುವಾಗಲೂ ಸದ್ದಿಲ್ಲ.

ಸಾಯಿಸಿದವಳು ನಾನೇ. ಕನ್ಫೆಸ್ ಮಾಡಿಬಿಡುತ್ತೇನೆ.

ಕಳೆದ ಆಯುಧಪೂಜೆಯ ಬೆಳಿಗ್ಗೆ ಈಳಿಗೆಮಣೆ, ಹೊಲಿಗೆ ಮಿಷಿನ್, ಮಿಕ್ಸಿಗೆಲ್ಲ ಕುಂಕುಮ ಇಟ್ಟು ರೌಟರ್ ಕಡೆ ತಿರುಗಿದೆ. ಅದರ ದೀಪ ಒಂದೇ ಸಮ ಪಿಳಿಪಿಳಿ ಅನ್ನುತ್ತಿತ್ತು. ವರ್ಷಕ್ಕೊಂದು ದಿನವಾದರೂ ರಜೆ ಬೇಡವೇ ಪಾಪ? ಪ್ಲಗ್ ಕಿತ್ತೆ, ಒರೆಸಿದೆ, ಸೇವಂತಿಗೆ ಮುಡಿಸಿದೆ, ಮತ್ತೆ ಹಾಕಿದೆ. ಒಂದೇ ಒಂದು ಕೆಂಪು ದೀಪ ನನ್ನನ್ನು ದುರುಗುಟ್ಟಿ ನೋಡಿತು. ಅಷ್ಟೇ. ನಾನು ಪ್ಲಗ್ ಕೀಳುವಾಗ ಅದು ತನ್ನ ಫರ್ಮ್‌ವೇರನ್ನು, ಅಂದರೆ ಒಳಗಿನ ಬುದ್ಧಿಯನ್ನು, ಅಳಿಸಿ ಹೊಸದಾಗಿ ಬರೆದುಕೊಳ್ಳುತ್ತಿತ್ತಂತೆ. ನಾನು ಅರ್ಧದಲ್ಲೇ ಸ್ಲೇಟು ಕಿತ್ತುಕೊಂಡಿದ್ದೆ. ಇದಕ್ಕೆ ‘ಬ್ರಿಕ್’ ಆಗುವುದು ಎನ್ನುತ್ತಾರೆ. ಅಲಂಕಾರ ಮಾಡಿದ ಇಟ್ಟಿಗೆ.

ಬೇರೆ ದಿನವಾಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಮುಳಬಾಗಿಲಿನ ಶಾಂತಾ, ಕಾನ್ವೆಂಟಿನಲ್ಲಿ ನನ್ನ ಪಕ್ಕದ ಬೆಂಚಿನವಳು, ದಿನಾ ನಾಲ್ಕು ಗಂಟೆಗೆ ವಿಡಿಯೋದಲ್ಲಿ ಬರುತ್ತಿದ್ದಳು. ಸ್ಟ್ರೋಕ್ ಆಗಿ ಅವಳ ಮಾತು ನಿಂತಿತ್ತು. ಮರುದಿನ ಆಪರೇಷನ್, ಡಾಕ್ಟರು ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ಕೋಲಾರದ ನಮ್ಮ ಗಲ್ಲಿಯ ಮೊಬೈಲ್ ಸಿಗ್ನಲ್ ಮಾತಿಗೆ ಸಾಕು, ಮುಖ ನೋಡಲು ಸಾಲದು. ಬಸ್ ಹತ್ತೋಣವೆಂದರೆ ನನ್ನ ಮಂಡಿಗಳು ಕೆಲಸ ಬಿಟ್ಟು ವರ್ಷವಾಗಿದೆ.

ಕ್ಯಾಲನೂರಿನ ರತ್ನಮ್ಮನಿಗೆ ಫೋನ್ ಮಾಡಿದೆ. ನಮ್ಮ ಬೀದಿಗೆ ಇಂಟರ್ನೆಟ್ ಕೇಬಲ್ ಎಳೆದವಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಆಮೇಲೆ ಏಣಿ ಹತ್ತುವವಳು.

“ಅಯ್ಯೋ ದೇವುಡಾ! ಅಪ್‌ಡೇಟ್ ಆಗೋವಾಗ ಪ್ಲಗ್ ಕಿತ್ತ್ರಾ? ಅಷ್ಟು ಇಂಗ್ಲಿಷ್ ಓದಿದೀರಲ್ಲ ಟೀಚರಮ್ಮ!”

“ಓದಿದ್ದು ಪೊಯೆಟ್ರಿ ಕಣೇ. ಬೈಕೊಂಡಾದ್ರೂ ಬಾ.”

“ಲ್ಯಾಪ್‌ಟಾಪ್ ಪೂಜೆಗಿಟ್ಟಿದೀನಿ. ಇವತ್ತು ಮುಟ್ಟಂಗಿಲ್ಲ.”

“ನಾಳೆ ಶಾಂತಾಗೆ ಆಪರೇಷನ್, ರತ್ನಾ.”

“ದೇವ್ರಿಗೆ ಸಾರಿ ಹೇಳಿ ಬರ್ತೀನಿ.”

ಮೂರು ಗಂಟೆಗೆ ಬಂದಳು. ಲ್ಯಾಪ್‌ಟಾಪಿಗೂ ರೌಟರಿಗೂ ಕೇಬಲ್ ಸಿಕ್ಕಿಸಿ, ಸೆರಗಿನ ಪಿನ್ನು ಬಿಚ್ಚಿ ರೌಟರಿನ ಬೆನ್ನಿನ ತೂತಿಗೆ ಒತ್ತಿ ಹಿಡಿದು ಸ್ವಿಚ್ ಹಾಕಿದಳು. “ಎಲ್ಲಾ ಮರೆತ್ರೂ ಒಳಗೆ ಚೂರು ಬುದ್ಧಿ ಉಳಿದಿರ್ತದೆ. ಅದನ್ನ ಎಬ್ಬಿಸ್ಬೇಕು.” ನನ್ನದೂ ಅದೇ ಕಥೆಯಲ್ಲವೇ? ನೆನ್ನೆ ಮಾತ್ರೆ ನುಂಗಿದೆನೋ ಇಲ್ಲವೋ ಗೊತ್ತಿಲ್ಲ. ಮಾರ್ನಿಂಗ್ ಅಸೆಂಬ್ಲಿಯ ಪ್ರೇಯರ್ ಮಾತ್ರ ನಿದ್ದೆಗಣ್ಣಿನಲ್ಲೂ ತಪ್ಪದು. ನನಗೆ ಯಾರು ಎಲ್ಲಿ ಪಿನ್ನು ಚುಚ್ಚಬೇಕೋ!

ಮೂರು ಸಲ ಏನೂ ಆಗಲಿಲ್ಲ. ನಾಲ್ಕನೆಯ ಸಲಕ್ಕೆ ಲ್ಯಾಪ್‌ಟಾಪಿನಲ್ಲಿ ಬೋಳು ಬೋಳಾದ ಒಂದು ಪೇಜು ತೆರೆಯಿತು. ರತ್ನಮ್ಮ ಪೆನ್‌ಡ್ರೈವಿನಿಂದ ಹೊಸ ಫರ್ಮ್‌ವೇರ್ ತುಂಬಿಸತೊಡಗಿದಳು. “ಐದು ನಿಮಿಷ ಕರೆಂಟ್ ಹೋಗ್ಬಾರ್ದು. ನೀವೂ ಮತ್ತೆ ಮಂಗಳಾರತಿ ಎತ್ತಬೇಡಿ.” ನಾನು ಕೈಕಟ್ಟಿ ಕೂತು ಫ್ಯಾನನ್ನೇ ನೋಡುತ್ತಿದ್ದೆ. ಜನ್ಮದಲ್ಲಿ ಯಾವ ವಿಗ್ರಹವನ್ನೂ ಅಷ್ಟು ಭಕ್ತಿಯಿಂದ ನೋಡಿದವಳಲ್ಲ.

ಹಸಿರು ದೀಪ ಬಂತು.

ನಾಲ್ಕೂ ಹತ್ತಕ್ಕೆ ಶಾಂತಾ ಬಂದಳು, ತಡವಾಯಿತೆಂದು ಹುಬ್ಬು ಗಂಟಿಕ್ಕಿಕೊಂಡು. ನಡೆದದ್ದನ್ನೆಲ್ಲ ಒದರಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಎಡಗೈ ಮೆಲ್ಲಗೆ ಎತ್ತಿ, ತೋರುಬೆರಳನ್ನು ತನ್ನ ಹಣೆಯ ಪಕ್ಕ ಎರಡು ಸುತ್ತು ತಿರುಗಿಸಿ, ನನ್ನ ಕಡೆಗೆ ಚಾಚಿದಳು. “ಕರೆಕ್ಟಾಗಿ ಹೇಳಿದ್ರು” ಎಂದಳು ಬೆನ್ನ ಹಿಂದಿದ್ದ ರತ್ನಮ್ಮ. ಶಾಂತಾ ಅರ್ಧ ಬಾಯಿಯಲ್ಲೇ ಪೂರ್ತಿ ನಕ್ಕಳು. ಹುಚ್ಚಿ ಅನ್ನಿಸಿಕೊಂಡು ನಾನು ಹಿಂದೆಂದೂ ಅಷ್ಟು ಸಂತೋಷಪಟ್ಟದ್ದೇ ಇಲ್ಲ. ಅವಳನ್ನು ನೋಡಿದ್ದು ಅದೇ ಕೊನೆ.