ಷೆಡ್ಡಿನ ಬಾಗಿಲಿಗೆ ಬಡಿದ ಹಲಗೆ

೨೦೧೬ನೆಯ ಇಸವಿ ಜೂನ್ ೧೩, ಸೋಮವಾರ. ಮಳೆಗಾಲದ ಆರಂಭ, ಬೆಳಗಿನಿಂದ ಜಿನುಗುಮಳೆ, ಗಾಳಿ ಇರಲಿಲ್ಲ. ಅಂದು ನಮ್ಮ ಹಳೆಯ ಉಗಿರೈಲಿನ ಬೋಗಿ ಷೆಡ್ಡಿಗೆ ಸಂರಕ್ಷಣಾ ಸಮಿತಿಯವರು ಒಂದು ಹಲಗೆ ತಂದರು. “ಸಂರಕ್ಷಿತ ಕಟ್ಟಡ. ಒಳಗೆ ಕೊಯ್ಯುವುದು, ಕೆತ್ತುವುದು, ಮೊಳೆ ಹೊಡೆಯುವುದು ನಿಷಿದ್ಧ” ಎಂದು ಅದರ ಮೇಲೆ ಬರೆದಿತ್ತು. ಆ ಹಲಗೆಯನ್ನು ಕೂರಿಸಲು ಅವರೇ ಆ ಪುರಾತನ ಬಾಗಿಲಿಗೆ ನಾಲ್ಕು ಮೊಳೆ ಹೊಡೆದರೆಂಬುದನ್ನು ಇಲ್ಲಿ ದಾಖಲಿಸಲೇಬೇಕು. ಅದೇ ದಿನ ಬೇಲಿಯಾಚೆ ಹದಿನಾಲ್ಕು ಅಂತಸ್ತಿನ ವಸತಿ ಕಟ್ಟಡಕ್ಕೆ ಪಾಯದ ಕಂಬಗಳನ್ನು ನೆಲಕ್ಕೆ ಜಡಿಯುವ ಯಂತ್ರ ಕೆಲಸ ಆರಂಭಿಸಿತು. ಒಂದೇ ಸಮಿತಿ ಒಂದೇ ಸಭೆಯಲ್ಲಿ ಎರಡಕ್ಕೂ ಒಪ್ಪಿಗೆ ಕೊಟ್ಟು, ಆ ನಾಚಿಕೆಗೇಡಿಗೆ ‘ಸಮತೋಲನ’ ಎಂಬ ಹೆಸರಿಟ್ಟಿತ್ತು.

ಆ ಷೆಡ್ಡಿನ ಬಡಗಿ ನನ್ನ ಭಾವಮೈದುನ. ಎಲ್ಲರ ಬಾಯಲ್ಲೂ ಉಳಿರಾಯ. ೧೯೭೯ರ ಮಾರ್ಚ್ ೫ರಂದು ತಂದೆಯ ಕೈಕೆಳಗೆ ಕೆಲಸಕ್ಕೆ ಸೇರಿದವನು. ಕಿವಿಯ ಮೇಲಿನ ಪೆನ್ಸಿಲನ್ನು ಮದುವೆಯ ಫೋಟೋದಲ್ಲೂ ತೆಗೆಯದವನು. ಆಗ ಅವನು ಉಳಿದಿದ್ದ ಏಕೈಕ ಮರದ ಬೋಗಿಗೆ ಹೊಸ ಬಾಗಿಲುಗಳನ್ನು ಕೂರಿಸುತ್ತಿದ್ದ. ಅಕ್ಟೋಬರ್ ೧ರ ತಪಾಸಣೆಯಲ್ಲಿ ಬೋಗಿ ತೇರ್ಗಡೆಯಾದರೆ ಓಡುತ್ತದೆ. ಇಲ್ಲವಾದರೆ ಅದರ ಗಾಲಿ ಬಿಚ್ಚಿ, ಹೊಸ ಕಟ್ಟಡದ ಅಂಗಳದಲ್ಲಿ ಕಾಫಿ ಅಂಗಡಿ ಮಾಡಲು ಬಿಲ್ಡರನಿಗೆ ಕೊಡುವುದೆಂದು ಸಮಿತಿ ಮಾತು ಕೊಟ್ಟಾಗಿತ್ತು.

ಮರದ ಬಾಗಿಲನ್ನು ಮಳೆಗಾಲದಲ್ಲೇ ಕೂರಿಸಬೇಕೆಂಬುದು ಷೆಡ್ಡಿನ ಪದ್ಧತಿ. ಬೇಸಿಗೆಯಲ್ಲಿ ಕೂರಿಸಿದ್ದು ತೇವಕ್ಕೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಕಾಯುವಂತಿರಲಿಲ್ಲ.

“ನಿಮ್ಮ ಷೆಡ್ಡನ್ನ ಕಾಪಾಡೋಕೇ ಈ ಆದೇಶ ಯಜಮಾನ್ರೇ,” ಎಂದರು ಸಮಿತಿಯ ಅಧಿಕಾರಿ.

“ಯಾರಿಂದ ಸ್ವಾಮಿ? ನನ್ನಿಂದಲಾ?”

“ಉಳಿ ಏಟಿಗೆ ಗೋಡೆ ಅದುರುತ್ತೆ.”

ಅಷ್ಟರಲ್ಲಿ ಬೇಲಿಯಾಚೆ ಯಂತ್ರ ಧೊಪ್ಪೆಂದಿತು. ಸುಣ್ಣದ ಒಂದು ಚಕ್ಕೆ ಅಧಿಕಾರಿಯ ತಲೆಯ ಮೇಲೆ ಬಿದ್ದಿತು.

“ಇದು ನನ್ನ ಉಳೀನಾ?”

“ಅದು ಬೇಲಿ ಆಚೆ. ನಮ್ಮ ವ್ಯಾಪ್ತಿಗೆ ಬರಲ್ಲ.”

“ಅದುರೋದಕ್ಕೆ ಬೇಲಿ ಕಾಣಲ್ವಲ್ಲ!” ಎಂದ ಉಳಿರಾಯ, ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿ ನನ್ನತ್ತ ತಿರುಗಿದ. “ಭಾವ, ಹಲಗೆ ಮಾತ್ರ ಒಳ್ಳೇ ಸಾಗುವಾನಿ. ಇಷ್ಟು ಒಣಗಿದ ಮರ ನಂಗೆ ಒಂದಿನಾನೂ ಕೊಡ್ಲಿಲ್ಲ ಪುಣ್ಯಾತ್ಮರು.”

ಬೋಗಿಯನ್ನು ಕೈಯಿಂದಲೇ ತಳ್ಳಿ ಹೊರಗಿನ ಹಳಿಯ ಮೇಲೆ ನಿಲ್ಲಿಸಿದೆವು. ಷೆಡ್ಡಿಗೆ ಬೀಗ ಬಿದ್ದಿತು. ಒಣಗಿಸಿಟ್ಟ ಮರವೆಲ್ಲ ಒಳಗೇ ಉಳಿಯಿತು. ಮಳೆಗಾಲ ಪೂರ್ತಿ ಅವನು ಟಾರ್ಪಾಲಿನ ಅಡಿಯಲ್ಲಿ ನೆನೆದುಕೊಂಡೇ ಕೆಲಸ ಮಾಡಿದ. ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಕೊಡೆ ಹಿಡಿದು ಊಟ ತಂದು ಬೈಯುತ್ತಿದ್ದಳು: “ಲೋ, ನೀನು ಜ್ವರ ಬಂದು ಮಲಗಿದ್ರೆ ನಿನ್ನ ರೈಲು ಬಂದು ಹಣೆ ಮುಟ್ಟಿ ನೋಡುತ್ತೇನೋ?”

“ನೀನಿದೀಯಲ್ಲಕ್ಕ, ರೈಲಿಗಿಂತ ಜೋರು ಸದ್ದು.”

ಬಯಲಿನ ತೇವ ಷೆಡ್ಡಿನ ತೇವದಂತೆ ಹದವಾದುದಲ್ಲ. ಬಾಗಿಲುಗಳು ಅತಿಯಾಗಿ ನೀರು ಕುಡಿದಿದ್ದವು. ಸೆಪ್ಟೆಂಬರ್ ಬಿಸಿಲಿಗೆ ಕುಗ್ಗಿದವು. ಅಕ್ಟೋಬರ್ ೧, ಶನಿವಾರ, ತಪಾಸಕರು ಮೂರನೆಯ ಬಾಗಿಲಿನ ಸಂದಿಗೆ ಬೆರಳು ತೂರಿಸಿದರು.

“ಮಗು ಇಲ್ಲಿ ಬೆರಳಿಟ್ರೆ ಏನ್ರೀ ಗತಿ? ಪಾಸ್ ಮಾಡಲ್ಲ. ನನ್ನ ಬಸ್ಸಿಗೆ ಇನ್ನೊಂದು ಗಂಟೆ ಇದೆ, ಅಷ್ಟರಲ್ಲಿ ಏನಾದ್ರೂ ಆಗುತ್ತಾ ನೋಡಿ.”

ಸಂದಿಗೆ ಒಣಮರದ ಪಟ್ಟಿ ಬೇಕು. ಹೊರಗಿದ್ದ ಮರವೆಲ್ಲ ಹಸಿ. ಬೀಗದ ಕೈಯಿದ್ದ ಅಧಿಕಾರಿ ಬಿಲ್ಡರನ ಜೊತೆ ನಿಂತು ಕಾಫಿ ಅಂಗಡಿಯ ನಕ್ಷೆ ಬಿಡಿಸಿ ನೋಡುತ್ತಿದ್ದರು. “ಇವತ್ತು ಬೀಗ ತೆಗೆಯೋ ಹಾಗಿಲ್ಲ, ಸಭೆ ಆಗ್ಬೇಕು,” ಎಂದರು.

ಉಳಿರಾಯ ನೇರ ಷೆಡ್ಡಿನ ಬಾಗಿಲಿಗೆ ಹೋಗಿ ನಾಲ್ಕೂ ಮೊಳೆ ಕಿತ್ತು, ಸೂರಿನಡಿ ನೆನೆಯದೆ ಉಳಿದಿದ್ದ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ಬಂದ.

“ರೀ, ಅದು ಸಮಿತಿ ಆಸ್ತಿ!”

“ಒಳಗೆ ಕೊಯ್ಬಾರ್ದು ಅಂತ ತಾನೇ ಬರ್ದಿರೋದು? ಹೊರಗೇ ಕೊಯ್ತೀನಿ ಬಿಡಿ.”

ಗರಗಸ ಆಡಿತು, ಸಾಗುವಾನಿಯ ಪಟ್ಟಿ ಸಂದಿಯಲ್ಲಿ ಕೂತಿತು. ತಪಾಸಕರು ಮತ್ತೆ ಬೆರಳಿಟ್ಟರು, ಬೆರಳು ಒಳಗೆ ಹೋಗಲಿಲ್ಲ. ಸಹಿ ಹಾಕಿ ಬಸ್ಸಿಗೆ ನಡೆದರು.

ಮುಂದಿನದು ಇಷ್ಟು. ಅಕ್ಟೋಬರ್ ೧೪ರಂದು ಹಲಗೆಯ ವಿಷಯವಾಗಿ ಉಳಿರಾಯನಿಗೆ ನೋಟೀಸು ಬಂದಿತು. ಅದು ಮೂರನೆಯ ಬಾಗಿಲಿನಲ್ಲಿದೆ, ಬಂದು ನೋಡಬಹುದೆಂದು ಉತ್ತರಿಸಲಾಯಿತು. ಯಾರೂ ಬರಲಿಲ್ಲ. ಷೆಡ್ಡಿಗೆ ಬೇರೆ ಹಲಗೆ ಹಾಕಿದರು, ತಗಡಿನದು. ೨೦೧೯ರ ಜುಲೈಯಲ್ಲಿ ಹದಿನಾಲ್ಕು ಅಂತಸ್ತೂ ಮುಗಿದವು. ಅದೇ ತಿಂಗಳು ಷೆಡ್ಡಿನ ಉತ್ತರದ ಗೋಡೆ ಬಿರಿಯಿತು. ಬೀಗ ಈಗಲೂ ತೆಗೆದಿಲ್ಲ. ಉಳಿರಾಯ ೨೦೨೧ರ ಮಾರ್ಚ್ ೩೧ರಂದು ನಿವೃತ್ತನಾದ. ಬೋಗಿ ಭಾನುವಾರಗಳಂದು ಓಡುತ್ತಿದೆ.